ಅಜ್ಜಿಯ ನಾಯಿಗೆ ನಾನು ಕೊಟ್ಟ ಪ್ಯಾಕೆಟ್

ಉಪ್ಪಾರಹಳ್ಳಿಯ ನಾವು ಮೂವರು ಗೃಹಿಣಿಯರು ಸೇರಿ, ಭಾನುವಾರಗಳಂದು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಸಾಕುನಾಯಿಗಳಿಗೆ ಉಚಿತವಾಗಿ ರೇಬಿಸ್ ಚುಚ್ಚುಮದ್ದು ಹಾಕಿಸಲು ಶುರುಮಾಡಿದ್ದೆವು. ಪಶುವೈದ್ಯರೊಬ್ಬರು ಜೊತೆಗೆ ಬರುತ್ತಿದ್ದರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು, ನಾಯಿಗೊಂದು ಪ್ಯಾಕೆಟ್ ಒಣ ಆಹಾರ ಕೊಡೋಣ ಎಂದವಳು ನಾನೇ. ಕಾನ್ವೆಂಟಿನಲ್ಲಿ ಕಲಿತ ಅಚ್ಚುಕಟ್ಟು. ಒಂದೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದೆ. ಗಂಟು ನೆಟ್ಟಗಿದೆಯೇ ಎಂದು ನೋಡಿದೆನೇ ಹೊರತು, ಅದರ ಕೆಳಗಿದ್ದ ಕೋಳಿಯ ಚಿತ್ರ ಯಾರ ಮನೆಗೆ ಹೋಗುತ್ತದೆಂದು ಯೋಚಿಸಲಿಲ್ಲ.

ಸಿ.ಎಸ್. ಪುರದ ಹತ್ತಿರದ ಹಳ್ಳಿಯೊಂದರಲ್ಲಿ, ಹಣೆ ತುಂಬ ವಿಭೂತಿ ಧರಿಸಿದ ಅಜ್ಜಿಯೊಬ್ಬರು ತಮ್ಮ ಕಂದು ನಾಯಿಗೆ ಚುಚ್ಚುಮದ್ದು ಹಾಕಿಸಿ, ಪ್ಯಾಕೆಟ್ ಹಿಡಿದು ಹೋಗಿದ್ದರು. ಮರುವಾರ ನೋಡಿಬರಲು ಹೋದರೆ ನಾಯಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದರು. ಪಕ್ಕದಲ್ಲೇ ಅಜ್ಜಿ ಚಾಪೆ ಹಾಸಿಕೊಂಡು ಕೂತಿದ್ದರು.

ಸೊಸೆ ಬಾಗಿಲಿಗೆ ಬಂದಳು. "ಏನಕ್ಕ ಕೊಟ್ಬಿಟ್ರಿ ನೀವು? ದೇವ್ರ ಮನೆ ಹೊಸ್ತಿಲಲ್ಲಿ ಮಲಗೋ ನಾಯಿ. ಮನೆಯೆಲ್ಲಾ ಕೋಳಿ ವಾಸ್ನೆ. ನಾನಂತೂ ಒಳಗ್ ಬಿಡಲ್ಲ."

"ಅದು ಒಳಗ್ ಬರೋಗಂಟ ನಾನೂ ಬರಲ್ಲ, ಬುಡು," ಎಂದ ಅಜ್ಜಿ ನನ್ನ ಕಡೆ ತಿರುಗಿದರು. "ಮಠದ ಹತ್ರ ಸಿಕ್ಕಿದ್ ಮರಿ ಕಣವ್ವ. ಮುದ್ದೆ, ಮಜ್ಜಿಗೆ ಬಿಟ್ಟು ಇನ್ನೇನೂ ಕಂಡಿಲ್ಲ. ನಂಗೆ ಕಣ್ ಮಂಜು. ನೀನಾದ್ರೂ ಹೇಳ್ಬಾರ್ದಾ?"

"ತಪ್ಪು ನಂದೇ ಅಜ್ಜಿ," ಎಂದೆ. ಸೊಸೆಗೂ ಹೇಳಿದೆ: "ಪಾಪ, ಗೊತ್ತಿಲ್ದೆ ತಿಂದಿದೆ. ಇನ್ಮೇಲೆ ಮುದ್ದೇನೇ ತಿನ್ನುತ್ತೆ. ಇದೊಂದ್ಸಲ ಒಳಗ್ ಬಿಡಮ್ಮ."

ಅವಳು ಸ್ವಲ್ಪ ಮೆತ್ತಗಾದಳು. ಮುದ್ದೆಯ ತುಣುಕೊಂದನ್ನು ಮಜ್ಜಿಗೆಯಲ್ಲಿ ಕಿವುಚಿ ತಂದಿಟ್ಟಳು. "ತಿನ್ಲಿ ನೋಡಣ. ತಿಂದ್ರೆ ಬಿಚ್ತೀನಿ."

ನಾಯಿ ತಟ್ಟೆ ಮೂಸಿ ಮುಖ ತಿರುಗಿಸಿತು. ಆಮೇಲೆ ಹಗ್ಗ ಜಗ್ಗಿಕೊಂಡು ಬಂದು, ಕುಣಿಗಲ್ ಕಡೆಯ ಊರಿಗೆಂದು ಪ್ಯಾಕೆಟ್ ತುಂಬಿಸಿಕೊಂಡಿದ್ದ ನನ್ನ ಬ್ಯಾಗಿನೊಳಗೆ ಮೂತಿ ತೂರಿಸಿ, ಬಾಲ ಅಲ್ಲಾಡಿಸತೊಡಗಿತು.

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಎಂಥಾ ರುಚಿ ಹತ್ತಿಸ್ಬುಟ್ಟೆ ತಾಯಿ," ಎಂದರು ಅಜ್ಜಿ. ಅದರಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬ್ಯಾಗನ್ನು ಎದೆಗವಚಿಕೊಂಡು ಮೆಟ್ಟಿಲಿಳಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಅಜ್ಜಿಯ ಕೈ ನಾಯಿಯ ಬೆನ್ನ ಮೇಲೇ ಇತ್ತು. ನಾಯಿ ಮಾತ್ರ ನನ್ನ ಬ್ಯಾಗನ್ನೇ ನೋಡುತ್ತಿತ್ತು.