ಕೆಂಪು ಶಾಯಿಯ ಗವರ್ನರುಗಳು

ಮಾಸ್ಟ್ರ ಅಂಗಿಗಳೆಲ್ಲ ಬಿಳಿ. ಪ್ರತಿ ಅಂಗಿಯ ಜೇಬಿನ ತಳದಲ್ಲೂ ಮೂರು ಕಲೆ: ನೀಲಿ, ಹಸಿರು, ಕೆಂಪು. ಅವರ ಹೆಂಡತಿ ನಿಂಬೆಹಣ್ಣು, ಉಪ್ಪು ಎಲ್ಲ ತಿಕ್ಕಿ ನೋಡಿ ಕೈಬಿಟ್ಟಿದ್ದರು. ಮೂರು ಶಾಯಿಪೆನ್ನುಗಳಿಲ್ಲದೆ ಆ ಮನುಷ್ಯ ಸೌತ್ ಸಿ ಬಡಾವಣೆಯ ಮನೆಯ ಗೇಟು ದಾಟಿ ಹಾಲು ತರಲೂ ಹೋಗುತ್ತಿರಲಿಲ್ಲ.

ಮಂಗಳೂರಿನ ಕಡೆಯವರು, ನೈರೋಬಿಯ ಒಂದು ಶಾಲೆಯಲ್ಲಿ ಅಮೆರಿಕದ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ನಾನು ಮೈಸೂರಿನಿಂದ ಎಂಬಕಸಿಯ ಸರಕು ಸಾಗಣೆ ಕಂಪನಿಯೊಂದರ ಕೆಲಸಕ್ಕೆ ಬಂದು ಪಕ್ಕದ ಮನೆ ಹಿಡಿಯುವ ಹೊತ್ತಿಗೆ ಅವರಿಗೊಂದು ಹುಚ್ಚು ಹಿಡಿದಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಾಜ್ಯಗಳ ಗವರ್ನರುಗಳ ಬಗ್ಗೆ, ಒಬ್ಬೊಬ್ಬರಿಗೆ ಒಂದೊಂದರಂತೆ ಕಾರ್ಡು ಬರೆದು ಬೂಟಿನ ಡಬ್ಬಿಗಳಲ್ಲಿ ಜೋಡಿಸುತ್ತಿದ್ದರು. ಆ ಗವರ್ನರುಗಳು ಏನು ಮಾಡಿದರು ಎಂಬುದು ಅದರಲ್ಲಿ ಇರುತ್ತಿರಲಿಲ್ಲ, ಕುರ್ಚಿಗೆ ಹೇಗೆ ಬಂದರು ಎಂಬುದಷ್ಟೇ. ಜನರ ಓಟಿನಿಂದ ಗೆದ್ದವರಿಗೆ ನೀಲಿ, ಶಾಸನಸಭೆ ಆರಿಸಿದವರಿಗೆ ಹಸಿರು. ಇದ್ದವನು ಸತ್ತೋ ರಾಜೀನಾಮೆ ಕೊಟ್ಟೋ ಹೋದಾಗ ಬಂದು ಕೂತವರಿಗೆ ಕೆಂಪು.

"ಇದನ್ನೆಲ್ಲ ಯಾರು ಓದ್ತಾರೆ ಮಾಸ್ಟ್ರೇ?" ಎಂದು ಕೆಣಕುತ್ತಿದ್ದೆ.

"ಓದುದು ಬೇಡ ಮಾರಾಯ್ತಿ. ಯಾವ ಬಾಗಿಲಿಂದ ಒಳಗೆ ಬಂದ ಅಂತ ಯಾರಾದ್ರೂ ಬರೆದಿಡ್ಬೇಕಲ್ವಾ?"

ಕೆಂಪಿನವರೆಂದರೆ ಅವರಿಗೆ ಒಂದು ಕೈ ಹೆಚ್ಚಿನ ಆಸಕ್ತಿ. ಕೆಲವರು ಕೊನೆಯವರೆಗೂ 'ಹಂಗಾಮಿ' ಎಂದೇ ಸಹಿ ಹಾಕುತ್ತಿದ್ದರಂತೆ. ಇನ್ನು ಕೆಲವರು ಹಿಂದಿನವನು ಮಣ್ಣಾಗುವ ಮೊದಲೇ ಪೂರಾ ಗವರ್ನರಾಗಿಬಿಡುತ್ತಿದ್ದರಂತೆ. ಇದನ್ನು ಹೇಳಿ ಮಾಸ್ಟ್ರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನನ್ನ ಸರದಿ ಬರುವವರೆಗೆ.

ಎರಡು ಸಾವಿರದ ಏಳರಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡರು. ನಾನು ಉಪಾಧ್ಯಕ್ಷೆ. ಸಂಘದಲ್ಲಿ ಚುನಾವಣೆ ನಡೆಸಿದವರೇ ಇಲ್ಲ. ವರ್ಷಕ್ಕೊಮ್ಮೆ ಊಟವಾದ ಮೇಲೆ ಯಾರೋ ಒಂದು ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು, ಅಲ್ಲಿಗೆ ಮುಗಿಯಿತು. ಆ ಸಲ ಚಪ್ಪಾಳೆಗೂ ಕಾಯದೆ ರಾಜ್ಯೋತ್ಸವದ ಆಮಂತ್ರಣದಲ್ಲಿ ನನ್ನ ಹೆಸರಿನ ಮುಂದೆ 'ಅಧ್ಯಕ್ಷೆ' ಎಂದು ಹಾಕಿಸಿದೆ. ಆ ಕುರ್ಚಿಯ ಮೇಲೆ ನನಗೆ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಲೊರೆಶೋ ಬಡಾವಣೆಯ ಹಲ್ಲಿನ ಡಾಕ್ಟರೂ ಅವರ ಕಡೆಯವರೂ ಗೊಣಗುತ್ತಿದ್ದದ್ದು, ಬೇರೆ ಸಂಘ ಕಟ್ಟುವ ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದರೂ ಬೀಳದವಳಂತೆ ಇದ್ದೆ.

ಆಮಂತ್ರಣವನ್ನು ಮಾಸ್ಟ್ರಿಗೆ ತೋರಿಸಿದೆ. ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಹೆಸರಿನ ಕೆಳಗೆ ಒಂದು ಗೆರೆ ಎಳೆದರು. "ಚಾ ಕುಡೀತಿಯಾ?" ಎಂದು ಕೇಳಿದರು, ಅಷ್ಟೇ.

ಎರಡು ದಿನ ಒಳಗೊಳಗೇ ಕುದಿದು, ಚುನಾವಣೆ ಕರೆದೆ. ಎದುರಿಗೆ ಡಾಕ್ಟರು ನಿಂತರು. ಎಣಿಕೆಗೆ ಎರಡೂ ಕಡೆಯವರು ಒಪ್ಪಿದ ಒಬ್ಬರೇ ಮನುಷ್ಯರೆಂದರೆ ಮಾಸ್ಟ್ರು. ಚಹಾಪುಡಿಯ ಖಾಲಿ ಡಬ್ಬಿಯಿಂದ ಒಂದೊಂದೇ ಚೀಟಿ ಎತ್ತಿ, ಎಲ್ಲರಿಗೂ ತೋರಿಸಿ, ಗಟ್ಟಿಯಾಗಿ ಓದಿದರು. ಒಂದು ಓಟಿನಿಂದ ನಾನು ಸೋತೆ.

ಕಾರಿನ ಹತ್ತಿರ ಅವರನ್ನು ತಡೆದು ಕೇಳಿದೆ: "ನೀವು ಯಾರಿಗೆ ಹಾಕಿದ್ರಿ?"

"ನಾನು ಹಾಕ್ಲಿಲ್ಲ. ಎಣಿಸುವವ ಓಟು ಹಾಕ್ಬಾರ್ದು."

"ಆ ರೂಲ್ಸು ಎಲ್ಲಿದೆ?"

"ಎಲ್ಲಿಯೂ ಇಲ್ಲ."

ಅವರೊಂದು ಚೀಟಿ ನನಗೆ ಹಾಕಿದ್ದರೆ ಸಮಸಮ. ನಾನು ಬೇಡವಾಗಿದ್ದೆ, ಅದನ್ನು ಬಾಯಿಬಿಟ್ಟು ಹೇಳಲಾರದೆ ಇಲ್ಲದ ನಿಯಮದ ಹಿಂದೆ ಅಡಗಿದರು ಎಂದು ತೀರ್ಮಾನಿಸಿದೆ. ಮೂರು ತಿಂಗಳು ಮಾತು ಬಿಟ್ಟೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಮಾಸ್ಟ್ರು ಗೇಟಿನ ಬಳಿ ಕೈ ಎತ್ತುತ್ತಿದ್ದರು. ನಾನು ಚೀಲದಲ್ಲಿ ಕೀಲಿಕೈ ಹುಡುಕುತ್ತಿದ್ದೆ. ಈ ನಡುವೆ ಡಾಕ್ಟರು ತಾವಾಗಿಯೇ ಮನೆಗೆ ಬಂದು, "ಮೇಡಂ, ಕಾರ್ಯದರ್ಶಿ ನೀವೇ ಆಗ್ಬೇಕು" ಎಂದು ಕೂತರು. ಸಂಘ ಒಡೆಯಲಿಲ್ಲ. ಅದರ ಪುಣ್ಯ ಯಾರಿಗೆ ಸೇರಬೇಕೆಂದು ನಾನು ಯೋಚಿಸಲೂ ಇಲ್ಲ.

ಆ ಡಿಸೆಂಬರಿನ ಕೊನೆಗೆ ದೇಶದ ಚುನಾವಣೆ. ಎಣಿಕೆಯ ಮೇಲೇ ಜಗಳ ಹತ್ತಿಕೊಂಡಿತು. ಜನರನ್ನು ಹೊರುವ ಮಟಾಟು ವ್ಯಾನುಗಳು ನಿಂತವು, ಅಂಗಡಿಗಳು ಮುಚ್ಚಿದವು, ದೂರದಲ್ಲಿ ಹೊಗೆ ಕಾಣುತ್ತಿತ್ತು. ಮಾಸ್ಟ್ರ ಹೆಂಡತಿ ಗೋಡೆಯಾಚೆಯಿಂದ, "ಸ್ವಲ್ಪ ಅಕ್ಕಿ ಉಂಟಾ?" ಎಂದು ಕೇಳಿದರು. ಅಕ್ಕಿ ಹಿಡಿದು ಹೋದೆ. ಮಾಸ್ಟ್ರು ರೇಡಿಯೊ ಮುಂದೆ ಕೂತಿದ್ದರು; ಕಾರ್ಡಿನ ಡಬ್ಬಿ ತೆರೆದಿರಲಿಲ್ಲ. "ಬಾ, ಕೂತ್ಕೋ," ಎಂದು ಕುರ್ಚಿ ಎಳೆದರು. ಯಾರು ಹೇಗೆ ಎಣಿಸಿದರು, ಯಾರು ಯಾರನ್ನು ನಂಬುವುದು ಎಂದು ರೇಡಿಯೊ ಹೇಳುತ್ತಲೇ ಇತ್ತು. ನನಗೆ ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನದಿಂದ ಚಹಾ, ಹರಟೆ, ಗವರ್ನರುಗಳು ಎಲ್ಲ ಮೊದಲಿನಂತಾಯಿತು. ಅವರು ಎಣಿಕೆಗೆ ಕೂತದ್ದು ಸರಿಯೆಂದು ಒಪ್ಪಿಕೊಂಡಿದ್ದೆ. ಅವರ ಮನಸ್ಸು ನನ್ನ ಕಡೆ ಇರಲಿಲ್ಲವೆಂಬುದನ್ನೂ ಒಪ್ಪಿಕೊಂಡಿದ್ದೆ. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಅವರು ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ಹೋದಾಗ, ಹೆಂಡತಿ ನೀರು ತರಲು ಹೊರಗೆ ಹೋದದ್ದನ್ನು ನೋಡಿಕೊಂಡು ನನ್ನನ್ನು ಹತ್ತಿರ ಕರೆದರು.

"ಆ ದಿನ ನನ್ನ ಓಟು ನಿನಗೇ ಇದ್ದದ್ದು, ಆಯ್ತಾ? ಹಾಕ್ಲಿಕ್ಕೆ ಆಗ್ಲಿಲ್ಲ."

"ನನಗೆ ಗೊತ್ತಿತ್ತು ಮಾಸ್ಟ್ರೇ," ಎಂದೆ.

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಮುಂದಿನ ವಾರ ಹೋಗಿಬಿಟ್ಟರು.

ನನಗೆ ಗೊತ್ತಿರಲಿಲ್ಲ.