ದೂರಿದವರ ಕೈಗೆ ಸೌಟು

ಹುರುಳಿ ಕಟ್ಟಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಏಳುವ ವಾಸನೆ ಮೊನ್ನೆ ನಾನು ಬಸ್ಸಿಳಿದ ಜಾಗಕ್ಕೇ ಬಂದು ಮೂಗಿಗೆ ಬಡಿಯಿತು. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ವಾಸನೆಯ ಹಿಂದೆಯೇ ನಡೆದೆ, ಶಾಮಿಯಾನ ಹಾಕಿದ್ದ ಮನೆ ಸಿಕ್ಕಿತು. ಅಂದು ನಮ್ಮ ಹಾಸ್ಟೆಲಿನ ಅಡುಗೆ ಅಕ್ಕನ ಹನ್ನೊಂದನೇ ದಿನದ ತಿಥಿ. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕಲ್ಲ, ಅಕ್ಕನಿಗೆ ಹುರುಳಿ ಸಾರಿಗಿಂತ ಹೆಚ್ಚಿನದು ಯಾವುದೂ ಇರಲಿಲ್ಲ...

ಸುದ್ದಿ ತಿಳಿಸಿದ್ದು ಅವಳ ಮೊಮ್ಮಗಳು. ಕಡೂರಿನಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿರುವ ಹುಡುಗಿ. ಫೋನಿನಲ್ಲಿ ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ ನಾನು ಮೂರು ಸಲ "ಏನಮ್ಮಾ?" ಅನ್ನಬೇಕಾಯಿತು. "ಅಜ್ಜಿ ಹೋಗ್ಬಿಟ್ರು ಮೇಡಂ" ಎಂದು ನಾಲ್ಕನೇ ಸಲಕ್ಕೆ ಕೇಳಿಸಿತು. ಅಕ್ಕನ ಮೊಮ್ಮಗಳಿಗೆ ಇಷ್ಟು ಸಣ್ಣ ದನಿಯೇ ಎಂದು ಆ ದುಃಖದಲ್ಲೂ ನನಗೆ ಸೋಜಿಗವಾಯಿತು.

ನಾನೀಗ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತೇನೆ. ವಿದ್ಯಾರ್ಥಿನಿಯರಿಗಾಗಿ ವರ್ಷಕ್ಕೊಮ್ಮೆ ನಾಯಕತ್ವ ಶಿಬಿರ ನಡೆಯುತ್ತದೆ, ಅದರ ಹೊಣೆಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಸಬಲೀಕರಣ, ಸಹಭಾಗಿತ್ವ, ನಿರ್ಧಾರ ಸಾಮರ್ಥ್ಯ ಎಂದೆಲ್ಲ ಪರದೆಯ ಮೇಲೆ ದಪ್ಪ ಅಕ್ಷರಗಳು ಮೂಡುತ್ತವೆ. ಹುಡುಗಿಯರು, ಪಾಪ, ಬರೆದುಕೊಳ್ಳುತ್ತಾರೆ. ಇದನ್ನೆಲ್ಲ ನನಗೆ ಕಲಿಸಿದವಳು ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ಅಡುಗೆಯವಳು ಎಂದು ನಾನು ಯಾವ ಶಿಬಿರದಲ್ಲೂ ಹೇಳಿದವಳಲ್ಲ. ಹೇಳಬೇಕಿತ್ತು.

ಆಗ ಕಡೂರಿನಲ್ಲಿ ಡಿಗ್ರಿ ಓದುವ ಹುಡುಗಿಯರಿಗೆ ಬಾಡಿಗೆ ಕಟ್ಟಡದಲ್ಲಿ ಒಂದು ಹಾಸ್ಟೆಲ್ ಇತ್ತು. ನಾವು ನಲವತ್ತು ಚಿಲ್ಲರೆ ಹುಡುಗಿಯರು. ಹೆಚ್ಚಿನವರು ಅಜ್ಜಂಪುರ, ತರೀಕೆರೆ ಕಡೆಯ ಹಳ್ಳಿಗಳವರು. ಅಡುಗೆ ಅಕ್ಕ ಕುಳ್ಳಗೆ, ದಪ್ಪಗೆ, ಸೆರಗನ್ನು ಸೊಂಟಕ್ಕೆ ಬಿಗಿದು ಓಡಾಡುತ್ತಿದ್ದಳು. ಅವಳು ಅಡುಗೆಮನೆಯಲ್ಲಿ ಕೂಗಿದರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತವರು ಗಾಡಿ ಬಂತೆಂದು ಎದ್ದು ನಿಲ್ಲಬೇಕು, ಅಂಥ ಗಂಟಲು. ನಾನು ಅದಕ್ಕೆ ತದ್ವಿರುದ್ಧ. ಹಾಜರಿ ಕೂಗಿದಾಗ ನಾನು "ಎಸ್ ಸರ್" ಅಂದದ್ದು ನನಗೇ ಕೇಳಿಸುತ್ತಿರಲಿಲ್ಲ. ಎಷ್ಟೋ ದಿನ ತರಗತಿಯಲ್ಲಿ ಕೂತೇ ಗೈರುಹಾಜರಾಗಿದ್ದೇನೆ.

ಹಾಸ್ಟೆಲ್ ಸೇರಿದ ದಿನವೇ ಅಕ್ಕ ಹೊಸಬರನ್ನೆಲ್ಲ ಸಾಲಾಗಿ ಕೂರಿಸಿ ತನ್ನ ಕಾನೂನು ಹೇಳಿದಳು. "ನೋಡ್ರೇ, ನನ್ ಅಡ್ಗೆ ಚೆನ್ನಾಗಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ. ಹೇಳಿದೋಳ ಕೈಗೆ ನಾಳೆ ಸೌಟು ಕೊಡ್ತೀನಿ. ನಾಳಿನ ಸಾರು ಅವಳ್ದು. ಗೊಣಗಿದ್ರೆ ಮಾತ್ರ ನನ್ ಕಿವಿಗೆ ಬೀಳಲ್ಲ ಕಣ್ರೇ." ದಿನವೂ ಊಟ ಬಡಿಸಿಯಾದ ಮೇಲೆ ಪಂಕ್ತಿಯ ಕೊನೆಯಲ್ಲಿ ಸೌಟು ಹಿಡಿದು ನಿಂತು ಒಂದೇ ಮಾತು ಕೇಳುತ್ತಿದ್ದಳು: "ಯಾರ್ಗಾರ ಬಾಯಿ ಐತೇನ್ರೇ?"

ಯಾರಿಗೂ ಇರಲಿಲ್ಲ. ನಲವತ್ತು ಜನಕ್ಕೆ ಸಾರು ಮಾಡುವ ಶಿಕ್ಷೆ ಯಾರಿಗೆ ಬೇಕಾಗಿತ್ತು? ಅದು ಶಿಕ್ಷೆ ಎಂದೇ ನಾವು ತಿಳಿದಿದ್ದೆವು. ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದೆವು.

ಎರಡನೇ ವಾರ ಸಾರಿಗೆ ಉಪ್ಪೇ ಇರಲಿಲ್ಲ. ಮರೆತಿರಬೇಕು ಅಂದುಕೊಂಡೆವು. ಮರುದಿನವೂ ಇಲ್ಲ, ಮೂರನೇ ದಿನವೂ ಇಲ್ಲ! ಹುಡುಗಿಯರು ಮನೆಯಿಂದ ತಂದಿದ್ದ ಉಪ್ಪಿನಕಾಯಿಯನ್ನು ಗುಟ್ಟಾಗಿ ನಂಚಿಕೊಂಡರು. ಕೊಠಡಿಗಳಲ್ಲಿ ಗೊಣಗಾಟವೋ ಗೊಣಗಾಟ, ಪಂಕ್ತಿಯಲ್ಲಿ ಕೂತರೆ ಮೌನವ್ರತ. ನಾಲ್ಕನೇ ದಿನ ಅಕ್ಕ "ಬಾಯಿ ಐತೇನ್ರೇ?" ಅಂದಾಗ ನನ್ನ ಉಪ್ಪಿನಕಾಯಿ ಮುಗಿದಿತ್ತು. ಹೊಟ್ಟೆಯಿಂದ ಎದ್ದ ಸಿಟ್ಟು ಹೇಗೆ ಗಂಟಲು ದಾಟಿತೋ ಗೊತ್ತಿಲ್ಲ. "ಉಪ್ಪಿಲ್ಲ ಅಕ್ಕ! ನಾಕ್ ದಿನದಿಂದ ಉಪ್ಪಿಲ್ಲ!" ಎಂದು ಚೀರಿಯೇಬಿಟ್ಟೆ.

ಅಕ್ಕನ ಮುಖ ಊರಗಲ ಅರಳಿತು. "ಅಬ್ಬಾ, ಒಂದಕ್ಕಾದ್ರೂ ಬಾಯಿ ಬಂತಲ್ಲಪ್ಪಾ! ಇನ್ನೆರಡು ದಿನ ನೋಡಿ ಹುರುಳೀನೂ ಹಾಕದಂಗೆ ಬರೀ ನೀರು ಬಡಿಸಾಣ ಅಂತಿದ್ದೆ ಕಣೇ" ಎಂದು ನನ್ನ ಕೈಗೆ ಸೌಟಿಟ್ಟಳು. ಬೇಕೆಂದೇ ಉಪ್ಪು ಹಾಕಿರಲಿಲ್ಲ ಮಹಾತಾಯಿ!

ಮರುದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ಅಕ್ಕ ಮೂಲೆಯ ಮಣೆಯ ಮೇಲೆ ಕೈಕಟ್ಟಿ ಕೂತಿದ್ದಳು. ಏನು ಮಾಡಲಿ ಅಕ್ಕ ಅಂದರೆ "ನನ್ನೇನ್ ಕೇಳ್ತೀಯ? ಸೌಟು ಯಾರ ಕೈಲೈತೆ?" ಅನ್ನುವಳು. ಯಾವ ಸಾರು, ಎಷ್ಟು ಕಾಳು, ಸಹಾಯಕ್ಕೆ ಯಾರು ಎಲ್ಲವನ್ನೂ ನಾನೇ ಹೇಳಬೇಕಿತ್ತು. ಈರುಳ್ಳಿ ಹೆಚ್ಚಲು ಕರೆದ ಇಬ್ಬರಲ್ಲಿ ಒಬ್ಬಳು ಪರೀಕ್ಷೆ ಅಂದಳು, ಇನ್ನೊಬ್ಬಳು ಕಣ್ಣುರಿ ಅಂದಳು. ಹೊಗಳಿ, ಗದರಿ, ಕೊನೆಗೆ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲವನ್ನೂ ಮಾಡಿ ಕೆಲಸ ತೆಗೆದೆ. ಬಡಿಸಿಯಾದ ಮೇಲೆ ಪಂಕ್ತಿಯ ಕೊನೆಯಲ್ಲಿ ನಿಂತು, ಅಕ್ಕನ ಹಾಗೆ, ಯಾರಿಗಾದರೂ ಬಾಯಿದೆಯಾ ಎಂದು ಕೇಳಬೇಕಿತ್ತು. ಆ ಕ್ಷಣ ಹೆದರಿದಷ್ಟು ಮುಂದೆ ಯಾವ ವೇದಿಕೆಯ ಮೇಲೂ ಹೆದರಿಲ್ಲ. ತರೀಕೆರೆಯ ಹುಡುಗಿ, ನನ್ನ ಕೊಠಡಿಯವಳೇ, ಎದ್ದು "ಮುದ್ದೆ ತುಂಬ ಗಂಟು" ಅಂದಳು. ಸಿಟ್ಟು ಬಂತು. ಅಕ್ಕ ಮಾತ್ರ ಮೂಲೆಯಿಂದ "ಮುಖ ಊದಿಸ್ಬೇಡ ಕಣೇ, ಅವಳ್ನ ನೋಡಿ ಕೇಳ್ಕೋ" ಅಂದಳು. ಕೇಳಿಕೊಂಡೆ, ಸೌಟು ಅವಳಿಗೆ ಕೊಟ್ಟೆ. ಅವಳ ಮುದ್ದೆ ಇನ್ನೂ ಗಂಟಾಯಿತು ಅನ್ನುವುದು ಬೇರೆ ಮಾತು.

ಹಾಗೆ ಎರಡು ವರ್ಷ ಸೌಟು ಕೈಯಿಂದ ಕೈಗೆ ಸುತ್ತಿತು. ನಾವು ದೂರುವುದಕ್ಕೂ ಕಲಿತೆವು, ದೂರಿಸಿಕೊಳ್ಳುವುದಕ್ಕೂ ಕಲಿತೆವು. ಅಕ್ಕನ ಕೆಲಸ ಹಗುರವಾಯಿತಲ್ಲ, ಘಾಟಿ ಹೆಂಗಸು ಎಂದು ನಗುತ್ತಿದ್ದೆವು... ಅದೂ ಸುಳ್ಳಲ್ಲ ಬಿಡಿ!

ಮೂರನೇ ವರ್ಷದ ಆರಂಭದಲ್ಲಿ ಸಿಡಿಲಿನಂಥ ಸುದ್ದಿ ಬಂತು. ಹುಡುಗಿಯರ ಸಂಖ್ಯೆ ಸಾಲದು, ಕಡೂರಿನ ಹಾಸ್ಟೆಲ್ ಮುಚ್ಚಿ ಎಲ್ಲರನ್ನೂ ಚಿಕ್ಕಮಗಳೂರಿಗೆ ಕಳಿಸುತ್ತಾರಂತೆ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗಿಯರ ಓದು ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಪ್ಪ ನನ್ನನ್ನು ಓದಿಸಿದ್ದೇ ಕಡೂರು ಹತ್ತಿರ ಎಂಬ ಒಂದೇ ಕಾರಣಕ್ಕೆ. "ಕಡೂರ್ ತಂಕ ಸರಿ ಕಣವ್ವ, ಅದರಿಂದಾಚೆಗೆ ನನ್ ಕೇಳ್ಬೇಡ" ಎಂದು ಮೊದಲೇ ಹೇಳಿದ್ದರು. ಅವರು ಕೆಟ್ಟವರಲ್ಲ, ಹೆದರಿದವರು. ನನಗೆ ಡಿಗ್ರಿ ಮುಗಿಯಲು ಇನ್ನು ಒಂದೇ ವರ್ಷವಿತ್ತು.

ಜಿಲ್ಲೆಯಿಂದ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆ, ಅವರು ಬರೆದದ್ದೇ ಕೊನೆ ಎಂದು ಗೊತ್ತಾಯಿತು. ವಾರ್ಡನ್ ಮೇಡಂ "ಸಾಹೇಬ್ರ ಮುಂದೆ ಯಾರೂ ತುಟಿ ಬಿಚ್ಚಬೇಡಿ" ಎಂದು ಕಟ್ಟಪ್ಪಣೆ ಮಾಡಿದರು. ನಾವು ಅಕ್ಕನ ಹತ್ತಿರ ಹೋಗಿ, ನೀವು ಗಟ್ಟಿಗಿತ್ತಿ, ನೀವೇ ಹೇಳಿ ಎಂದು ದುಂಬಾಲು ಬಿದ್ದೆವು. ಅಕ್ಕ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ನಾನು ದಿನಗೂಲಿಯೋಳು ಕಣ್ರೇ. ಹಾಸ್ಟ್ಲು ನಿಮ್ದು, ಓದು ನಿಮ್ದು. ಬಾಯಿ ಮಾತ್ರ ನಂದಾ?" ಅಂದಳು. ಹುಡುಗಿಯರು ಸೇರಿ ಮನವಿ ಬರೆದರು. ಓದಿ ಹೇಳಬೇಕಾದವಳು ನಾನು ಎಂದಾಯಿತು.

ಗ್ರಹಚಾರಕ್ಕೆ ಹಿಂದಿನ ದಿನ ಅನ್ನ ಬೆಂದಿಲ್ಲ ಎಂದು ದೂರಿದವಳೂ ನಾನೇ. ಅಧಿಕಾರಿ ಬಂದ ದಿನ ಸೌಟು ನನ್ನ ಕೈಯಲ್ಲಿತ್ತು. ಒಂದು ಕೈಯಲ್ಲಿ ಮನವಿ, ಇನ್ನೊಂದರಲ್ಲಿ ಸೌಟು. "ಮಾನ್ಯರೇ, ನಾವು ಕೆಳಗೆ ಸಹಿ ಮಾಡಿರುವ..." ಎಂದು ಬಾಯಿಪಾಠ ಮಾಡುತ್ತ ಸಾರಿಗೆ ಉಪ್ಪು ಹಾಕಿದೆ. "ಮಾನ್ಯರೇ" ಎಂದು ಮೊದಲಿನಿಂದ ಶುರುಮಾಡಿದಾಗ ಉಪ್ಪನ್ನೂ ಮೊದಲಿನಿಂದ ಹಾಕಿದೆ. ಅಕ್ಕ ಮಣೆಯ ಮೇಲೆ ಕೂತೇ ಇದ್ದಳು. ನೋಡಿದಳೋ ಇಲ್ಲವೋ, ದೇವರಿಗೇ ಗೊತ್ತು.

ಅಧಿಕಾರಿ ಒಳ್ಳೆಯ ಮನುಷ್ಯರು. ಮೇಜು ಬೇಡ ಎಂದು ನಮ್ಮ ಪಂಕ್ತಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದವರೇ ಕೆಮ್ಮತೊಡಗಿದರು. ಎರಡು ಲೋಟ ನೀರು ಕುಡಿದು "ಏನ್ರೀ ಇದು, ಉಪ್ಪಿನ ಮೂಟೇನೇ ಸುರಿದ್ಬಿಟ್ಟಿದ್ದೀರಲ್ರೀ!" ಅಂದರು. ವಾರ್ಡನ್ ಮೇಡಂ ಬಿಳಿಚಿಕೊಂಡು ಅಕ್ಕನ ಕಡೆ ತಿರುಗಿ "ಏನಮ್ಮಾ ನಿನ್ನ ಅಡುಗೆ?" ಎಂದು ಗದರಿದರು. ಅಕ್ಕ ನನ್ನ ಹೆಸರು ಹೇಳಲಿಲ್ಲ. ಅವಳ ದಿನಗೂಲಿ ಹೋಗುತ್ತಿತ್ತು, ಆದರೂ ಹೇಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

ಎದ್ದು ನಿಂತೆ. ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. "ಸರ್, ಸಾರು ಅಕ್ಕ ಮಾಡಿದ್ದಲ್ಲ, ನಾನು ಮಾಡಿದ್ದು. ಉಪ್ಪು ಎರಡು ಸಲ ಹಾಕಿದ್ದೀನಿ, ತಪ್ಪಾಯ್ತು" ಅಂದೆ. ಅಷ್ಟಕ್ಕೇ ಕೂರಬಹುದಿತ್ತು. ಆದರೆ ಎರಡು ವರ್ಷದ ಅಭ್ಯಾಸ, ಕಾಲು ತಾನಾಗಿ ಮುಂದೆ ಹೋಯಿತು. ಸೌಟನ್ನು ಅವರ ಮುಂದೆ ಹಿಡಿದು "ಆದ್ರೆ ಸರ್, ಇಲ್ಲಿ ದೂರು ಹೇಳಿದೋರೇ ಸೌಟು ಹಿಡೀಬೇಕು" ಅಂದುಬಿಟ್ಟೆ.

ಯಾರೋ ಕಿಸಕ್ಕೆಂದರು. ವಾರ್ಡನ್ ಮೇಡಂ ಗೋಡೆಗೆ ಒರಗಿದರು. ಅಧಿಕಾರಿ ಸೌಟನ್ನೂ ನನ್ನನ್ನೂ ನೋಡಿ "ಇದ್ಯಾವ ರೂಲ್ಸಮ್ಮಾ?" ಅಂದರು. ತರೀಕೆರೆಯ ಗೆಳತಿ ಎದ್ದು ನಮ್ಮ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದಳು. ಆ ಮನುಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶರ್ಟಿನ ತೋಳು ಮಡಿಸಿ ಎದ್ದೇಬಿಟ್ಟರು! ತಾವೂ ಹಾಸ್ಟೆಲಿನಲ್ಲಿ ಓದಿದವರಂತೆ. ಸಾರಿಗೆ ಬಿಸಿನೀರು, ಹುಣಸೆ ರಸ ಸೇರಿಸಿ, ಸುಲಿದ ಆಲೂಗಡ್ಡೆ ಹಾಕಿ ಕುದಿಸಿದರು. ನಲವತ್ತು ತಟ್ಟೆಗೂ ತಾವೇ ಬಡಿಸಿದರು. ಇನ್ನೇನು ಕೂರಬೇಕು, ಅಷ್ಟರಲ್ಲಿ ಅಕ್ಕ ತಗ್ಗಿದ ದನಿಯಲ್ಲಿ "ಸಾಹೇಬ್ರೇ, ಇನ್ನೂ ಒಂದು ಐತೆ. ಸೌಟು ಹಿಡಿದೋರು ಕೊನೇಲಿ ನಿಂತು ಬಾಯಿ ಐತೇನ್ರೇ ಅಂತ ಕೇಳ್ಬೇಕು" ಅಂದಳು.

ಅವರು ನಗುತ್ತಲೇ ನಿಂತು ಕೇಳಿದರು. ನಲವತ್ತು ಕೈಗಳೂ ಮೇಲೆದ್ದವು.

ಸಾರಿನ ಬಗ್ಗೆ ಒಬ್ಬಳೂ ಹೇಳಲಿಲ್ಲ. ನಾನೇ ಮೊದಲು ಹೇಳಿದೆ, ನಮ್ಮಪ್ಪ ಹೇಳಿದ ಮಾತನ್ನೇ ಇದ್ದ ಹಾಗೆ ಹೇಳಿದೆ. ಹಾಸ್ಟೆಲ್ ಮುಚ್ಚಿದರೆ ನನ್ನ ಓದು ಇಲ್ಲಿಗೇ ನಿಲ್ಲುತ್ತದೆ ಸರ್ ಅಂದಾಗ ದನಿ ಕೊನೆಯ ಗೋಡೆಯವರೆಗೂ ಹೋಯಿತು. ಆಮೇಲೆ ಒಬ್ಬೊಬ್ಬಳೂ ಎದ್ದಳು. ಅವರು ಸೌಟು ಕೆಳಗಿಡದೆ ಎಲ್ಲರ ಮಾತನ್ನೂ ಕೇಳಿದರು. ಸಾರು ಆರಿಹೋಯಿತು. ಹಾಸ್ಟೆಲ್ ಉಳಿಯಿತು. ಈಗ ಸ್ವಂತ ಕಟ್ಟಡವಿದೆ, ಅಕ್ಕನ ಮೊಮ್ಮಗಳು ಇರುವುದೂ ಅಲ್ಲೇ. ಅವತ್ತು ಉಪ್ಪು ಎರಡು ಸಲ ಬಿದ್ದದ್ದನ್ನು ನೋಡಿದ್ರಾ ಎಂದು ಅಕ್ಕನನ್ನು ಎಷ್ಟು ಸಲ ಕೇಳಿದ್ದೇನೋ. "ನಂಗೆ ಕಣ್ಣು ಮಂಜು ಕಣೇ" ಎನ್ನುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಲೇ.

ಮೊನ್ನೆ ತಿಥಿಯ ಪಂಕ್ತಿಯಲ್ಲಿ ತರೀಕೆರೆಯ ಗೆಳತಿಯ ಪಕ್ಕದಲ್ಲಿ ಕೂತೆ. ಅಕ್ಕನ ಫೋಟೋದ ಮುಂದೆ ಎಡೆ ಇತ್ತು. ಸಾರು ಕಲೆಸಿ ಒಂದು ತುತ್ತು ಬಾಯಿಗಿಟ್ಟವಳು, ಮೈಮರೆತು, "ಉಪ್ಪು ಸ್ವಲ್ಪ ಕಡಿಮೆ" ಅಂದುಬಿಟ್ಟೆ. ತಿಥಿಯ ಊಟಕ್ಕೆ ಯಾರಾದರೂ ಹೆಸರಿಡುತ್ತಾರೆಯೇ! ಪಂಕ್ತಿಗೆ ಪಂಕ್ತಿಯೇ ನನ್ನನ್ನು ನೋಡಿತು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಗೆಳತಿ ಎದ್ದು, ಬಡಿಸುವವರ ಕೈಯಿಂದ ಸೌಟು ಇಸಿದುಕೊಂಡು ಬಂದು ನನ್ನ ಮುಂದೆ ಹಿಡಿದಳು. ಅವಳ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು ಉಕ್ಕುತ್ತಿತ್ತು. "ಏಳೇ" ಅಂದಳು.

ಕೈ ತೊಳೆದು ಒಲೆಯ ಹತ್ತಿರ ಹೋದೆ. ಹಂಡೆಗೆ ಉಪ್ಪು ಹಾಕಿ ಕಲಕಿ, ಎರಡನೇ ಪಂಕ್ತಿಗೆ ನಾನೇ ಬಡಿಸಿದೆ. ನೆಂಟರು, ಊರವರು, ಕೊನೆಯಲ್ಲಿ ಅಕ್ಕನ ಮೊಮ್ಮಗಳು ಕೂತಿದ್ದರು. ಬಡಿಸಿಯಾದ ಮೇಲೆ ಪಂಕ್ತಿಯ ತುದಿಯಲ್ಲಿ ನಿಂತೆ. ಕೇಳಬೇಕೋ ಬೇಡವೋ... ಫೋಟೋದ ಕಡೆ ನೋಡಿದೆ. ಕೇಳಿದೆ.

"ಯಾರ್ಗಾರ ಬಾಯಿ ಐತೇನ್ರೇ?"

ದುಃಖದ ಮನೆ, ಎಲ್ಲರೂ ತಲೆ ತಗ್ಗಿಸಿ ಸಾರು ಕಲೆಸತೊಡಗಿದರು. ಆಗ ತುದಿಯಿಂದ, ಫೋನಿನಲ್ಲಿ ನಾನು ಮೂರು ಸಲ ಕೇಳಿಸಿಕೊಳ್ಳಲಾಗದಿದ್ದ ಅದೇ ದನಿ, ಶಾಮಿಯಾನದ ಆಚೆಗೂ ಕೇಳುವಂತೆ ಎದ್ದಿತು: "ಮೇಡಂ, ಈಗ ಉಪ್ಪು ಜಾಸ್ತಿ ಆಯ್ತು!"

ಇಡೀ ಪಂಕ್ತಿ ನಕ್ಕಿತು. ನಾನು ಹೋಗಿ ಸೌಟನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ಲಂಗ ದಾವಣಿಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಒಲೆಯ ಕಡೆ ನಡೆದದ್ದು ಥೇಟ್ ಅಕ್ಕನ ಹಾಗೆಯೇ. ಅಲ್ಲಿಯವರೆಗೆ ಒಂದು ಹನಿಯೂ ಅಳದಿದ್ದ ನನಗೆ, ಕೈ ಖಾಲಿಯಾದ ಮೇಲೆ ಅಳು ಬಂತು. ಇದನ್ನು ನೋಡಲು ಅಕ್ಕ ಇರಬೇಕಿತ್ತು...