ಹುಳ ತಿಂದ ಅಕ್ಷರಗಳು

ಹೋದ ತಿಂಗಳು ಒಂದು ಭಾನುವಾರ ನನ್ನ ಮಗಳು ಚಿನ್ನಿ ಅಡುಗೆಮನೆ ಕಟ್ಟೆಯ ಮೇಲೆ ಕೂತು, ಜಾಮೂನು ಪುಡಿಯ ಪೊಟ್ಟಣದ ಹಿಂದೆ ಬರೆದಿದ್ದನ್ನು ಓದಿ ಹೇಳುತ್ತಿದ್ದಳು. ನನ್ನ ಕೈಯೆಲ್ಲ ಹಿಟ್ಟಾಗಿತ್ತು. "ಹಾಲು ಹಾಕಿ ಮೆತ್ತಗೆ ಕಲಸಿ. ಸಣ್ಣ ಉಂಡೆ ಮಾಡಿ. ಎಣ್ಣೇಲಿ ಕರೀರಿ. ಮೊದಲನೇ ನಾಲ್ಕು ಮನೇಲಿರೋ ಮಕ್ಕಳಿಗೆ ಕೊಡಿ." ನಾನು ನಕ್ಕೆ. ಆಮೇಲೆ ತಿರುಗಿ ನೋಡಿದೆ. ಪೊಟ್ಟಣ ಅವಳ ಕೈಯಲ್ಲಿತ್ತು, ಕಣ್ಣು ಮಾತ್ರ ನನ್ನ ಮುಖದ ಮೇಲಿತ್ತು.

ಬೇರೆ ತಾಯಿಯಾಗಿದ್ದರೆ ತುಂಟಿ ಎಂದು ಗಲ್ಲ ಹಿಂಡಿ ಸುಮ್ಮನಾಗುತ್ತಿದ್ದಳೇನೋ. ನನಗೆ ಈ ಕಸುಬು ಗೊತ್ತು. ಒಂದು ಕಾಲಕ್ಕೆ ಇಡೀ ಮಾಸ್ತಿ ಹೋಬಳಿಯಲ್ಲಿ ಓದಲು ಬಾರದೆಯೂ ನನ್ನಷ್ಟು ಚೆನ್ನಾಗಿ ಓದುತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಚಿನ್ನಿ ಮೂರನೇ ಕ್ಲಾಸು. ಹಿಂದಿನ ವಾರವಷ್ಟೇ ಅವಳ ಮಿಸ್ಸು ನನ್ನನ್ನು ಕರೆಸಿ, ಹುಡುಗಿಗೆ ಅಕ್ಷರ ಹಿಡಿಯುವುದು ಕಷ್ಟವಾಗುತ್ತಿದೆ, ಡಿಸ್ಲೆಕ್ಸಿಯಾ ಇರಬಹುದು, ಕೋಲಾರದಲ್ಲಿ ಪರೀಕ್ಷೆ ಮಾಡುವವರಿದ್ದಾರೆ, ತೋರಿಸಿ ಎಂದಿದ್ದರು. ಒಳ್ಳೆಯ ಹೆಂಗಸು. ಆದರೆ ಚಿನ್ನಿ ಕೋಲಾರಕ್ಕೆ ಬರಲೊಲ್ಲಳು, ಶಾಲೆಗೂ ಹೋಗಲೊಲ್ಲಳು. ಶಾಲೆಯ ದಿನ ಬೆಳಿಗ್ಗೆ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಹೊರಗಿನಿಂದ ನಾನು ಬೇಡಿಕೊಂಡರೆ ಒಳಗಿನಿಂದ ಒಂದೇ ಉತ್ತರ: "ನಂಗೇನೂ ಆಗಿಲ್ಲ. ನಾನು ಓದ್ತೀನಲ್ಲ. ನಿಂಗೇನು ಗೊತ್ತು?"

ನನಗೆ ಗೊತ್ತಿದೆ ಎಂಬುದನ್ನೇ ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಅವರಿಗೆ ನಾನು ನಿಧಾನಸ್ಥೆ ಎಂದಷ್ಟೇ ಗೊತ್ತು. ಅದನ್ನವರು ಬಟ್ಟೆ ಒಣಹಾಕುವುದರಿಂದ ಹಿಡಿದು ಎಲ್ಲ ಕೆಲಸಕ್ಕೂ ಅನ್ವಯಿಸಿ ಆಡಿಕೊಳ್ಳುತ್ತಾರೆ. ಈಗ ನಿಮಗೆ ಹೇಳುತ್ತಿದ್ದೇನೆ, ನೀವು ನಮ್ಮೂರಿನವರಲ್ಲ ಎಂಬ ಧೈರ್ಯದ ಮೇಲೆ. ಇಷ್ಟು ಬರೆಯಲು ಎಷ್ಟು ದಿನ ಹಿಡಿಯಿತು ಎಂದು ಮಾತ್ರ ಕೇಳಬೇಡಿ.

ನಮ್ಮೂರ ಹಾಲಿನ ಡೈರಿಯಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲರೂ ಕ್ಯಾನು ಹಿಡಿದು ಸಾಲು ನಿಂತಾಗ, ಮಾಲೂರಿನಿಂದ ಮೊದಲ ಬಸ್ಸಿಗೆ ಬಂದ ಪೇಪರನ್ನು ಶಾಲೆಗೆ ಹೋಗುವ ಮಗುವೊಂದು ಜೋರಾಗಿ ಓದಬೇಕು. ಸಾಲು ಕರಗುವ ತನಕ ಓದು. ಅದುವರೆಗೆ ಓದುತ್ತಿದ್ದ ಮೇಲಿನ ಕ್ಲಾಸಿನ ಅಕ್ಕ ಹೈಸ್ಕೂಲಿಗೆ ಮಾಲೂರು ಸೇರಿದಾಗ, ಐದನೇ ಕ್ಲಾಸಿನಲ್ಲಿದ್ದ ನನ್ನ ಕೈಗೆ ಪೇಪರು ಬಂತು. ಬರಲ್ಲ ಅನ್ನುವ ಹಾಗಿರಲಿಲ್ಲ. ನಮ್ಮಪ್ಪ ಆಗಲೇ ಎರಡು ಸಲ "ಓದು ಹತ್ತದೋಳಿಗೆ ಸ್ಕೂಲು ಯಾಕೆ, ಹಸು ಮೇಯಿಸ್ಲಿ" ಅಂದಾಗಿತ್ತು. ನನಗೋ 'ಪ'ಗೂ 'ವ'ಗೂ ಯಾವ ಜನ್ಮದ ನಂಟೋ ತಿಳಿಯುತ್ತಿರಲಿಲ್ಲ. ಒಂದನ್ನು ಕರೆದರೆ ಇನ್ನೊಂದು ಬರುತ್ತಿತ್ತು.

ಪೇಪರಿನಲ್ಲಿ ಫೋಟೋಗಳಿದ್ದವು, ಸಾಲಿನಲ್ಲಿ ಓದು ಬಲ್ಲವರಿರಲಿಲ್ಲ, ದೇವರು ದೊಡ್ಡವನು. ಪಕ್ಕದ ಮನೆಯ ಟಿವಿಯಲ್ಲಿ ವಾರ್ತೆಯವರ ಗತ್ತು ಕೇಳಿ ಕಲಿತಿದ್ದೆ. ಟೇಪು ಕತ್ತರಿಸುವ ಮಂತ್ರಿ ಕಂಡರೆ ನಮ್ಮೂರಿಗೆ ಎರಡು ಬಸ್ಸು ಬಿಡಿಸುತ್ತಿದ್ದೆ. ಮೋಡ ಕಂಡರೆ ಹದವಾಗಿ ಮಳೆ ತರಿಸುತ್ತಿದ್ದೆ. ಪೊಲೀಸರ ಫೋಟೋ ಬಂದ ದಿನವಂತೂ, ಹೆಂಡತಿಗೆ ಹೊಡೆದ ಒಬ್ಬನಿಗೆ ಕಡ್ಡಾಯವಾಗಿ ಜೈಲಾಗುತ್ತಿತ್ತು. ಹೆಂಗಸರು ಅದನ್ನು ಇನ್ನೊಂದು ಸಲ ಓದಿಸುತ್ತಿದ್ದರು. ಎರಡನೇ ಸಲ ಶಿಕ್ಷೆ ಸ್ವಲ್ಪ ಹೆಚ್ಚಾಗುತ್ತಿತ್ತು. "ಎಂಥಾ ಓದು ನೋಡ್ರೇ, ಎಲ್ಲೂ ತಡವರಿಸಲ್ಲ" ಎಂದು ಜನ ಹೊಗಳಿದರು. ಅಪ್ಪ ಹಸುವಿನ ಮಾತು ಬಿಟ್ಟರು.

ಒಂದು ದಿನ ರೇಷ್ಮೆ ಗೂಡಿನ ಫೋಟೋ ಬಂತು. ಶುಕ್ರವಾರ ಮಾಲೂರಿನ ರೇಷ್ಮೆ ಆಫೀಸಿನಲ್ಲಿ ಹೊಸ ತಳಿಯ ಹಿಪ್ಪುನೇರಳೆ ಕಡ್ಡಿ ಪುಕ್ಕಟೆ ಹಂಚುತ್ತಾರೆ, ಮೊದಲು ಹೋದವರಿಗೆ ಮಾತ್ರ ಎಂದು ಓದಿಬಿಟ್ಟೆ. 'ಮೊದಲು ಹೋದವರಿಗೆ ಮಾತ್ರ' ಎಂಬುದನ್ನು ಬರೀ ಗತ್ತಿಗಾಗಿ ಸೇರಿಸಿದ್ದೆ. ಸಾಲಿನಲ್ಲಿ ನಮ್ಮ ಹಿಂದಿನ ಮನೆಯ ಮುನಿಯಪ್ಪ ತಾತ ಇದ್ದರು. ಅರ್ಧ ಎಕರೆ ಹಿಪ್ಪುನೇರಳೆ ಬೆಳೆದು, ಮನೆಯೊಳಗೇ ರೇಷ್ಮೆ ಹುಳ ಸಾಕುತ್ತಿದ್ದವರು. ಓದು ಬರಹವಿಲ್ಲ, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು.

ಶುಕ್ರವಾರ ತಾತ ಎರಡು ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮೊದಲ ಬಸ್ಸು ಹತ್ತಿದರು. ಸಾಯಂಕಾಲ ಅದೇ ಮಡಿಕೆಯ ಗೋಣಿಚೀಲದೊಂದಿಗೆ ಇಳಿದರು. ನಾನು ಹುಲ್ಲಿನ ಮೆದೆಯ ಹಿಂದೆ ಕೂತು ನೋಡಿದೆ. ನೇರ ನಮ್ಮ ಮನೆಗೇ ಬಂದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅಪ್ಪನಿಗೆ ಅವರು ಹೇಳಿದ್ದು ಇಷ್ಟೇ: "ನಾಳೆ ಹುಳಕ್ಕೆ ಸೊಪ್ಪು ಹಾಕೋಕೆ ನಿನ್ ಮಗಳನ್ನ ಕಳ್ಸಪ್ಪ, ನಂಗೆ ಸೊಂಟ ಹಿಡ್ಕೊಂಡಿದೆ."

ಹುಳ ಸಾಕುವ ಕೋಣೆಯಲ್ಲಿ ಬಿದಿರಿನ ತಟ್ಟೆಗಳನ್ನು ಅಟ್ಟದ ತನಕ ಜೋಡಿಸಿದ್ದರು. ತಾತ ನಾನು ಓದಿದ್ದ ಆ ದಿನದ ಪೇಪರನ್ನು ನೆಲದ ಮೇಲೆ ಹರಡಿದರು.

"ಏಮ್ಮಾ, ಅದೆಲ್ಲಿ ಬರ್ದವ್ರೆ ತೋರ್ಸು."

ನಾನು ಗೂಡಿನ ಫೋಟೋ ಕೆಳಗೆ ಬೆರಳಿಟ್ಟೆ.

"ಮಾಲೂರಲ್ಲಿ ಆಫೀಸಿನ ಜವಾನ ಇದನ್ನೇ ಓದಿ ಹೇಳ್ದ. ಎಲ್ಲೋ ಗೂಡು ಮಳೇಲಿ ನೆಂದು ಹೋದ್ವಂತೆ. ಪಾಪ, ಟೀ ಕುಡಿಸಿ ಕಳಿಸ್ದ ನನ್ನ." ಆಮೇಲೆ ತಗ್ಗಿದ ದನಿಯಲ್ಲಿ, "ಓದೋಕೆ ಬರಲ್ವಾ ಅಮ್ಮಣ್ಣಿ?" ಅಂದರು.

ಬೈದಿದ್ದರೆ ವಾದ ಮಾಡುತ್ತಿದ್ದೆ. ಅತ್ತುಬಿಟ್ಟೆ. ಹೇಗೆ ಬರಲ್ಲ, ಏನಾಗುತ್ತೆ ಎಂದು ಕೇಳಿದರು. ಅದನ್ನು ನನ್ನನ್ನು ಯಾರೂ ಕೇಳಿರಲೇ ಇಲ್ಲ. ಎಲ್ಲರೂ ಯಾಕೆ ಬರಲ್ಲ ಎಂದೇ ಕೇಳಿದ್ದರು. ನಾನು ಸೊಪ್ಪಿನ ಎಲೆಗಳನ್ನು ಸೀಳಿ, ಹಸಿದಿದ್ದ ಹುಳಗಳ ಪಕ್ಕದಲ್ಲಿ 'ಅ' ಜೋಡಿಸಿದೆ. ಹುಳಗಳು ಒಂದೊಂದಾಗಿ ಹತ್ತಿದವು. ಒಂದು ತುದಿ ಜಾರಿತು, ಹೊಟ್ಟೆ ಕರಗಿತು, ಕೊನೆಗೆ ಅದು ಯಾವ ಅಕ್ಷರವೂ ಆಗಿರಲಿಲ್ಲ.

"ಹಿಂಗಾಗುತ್ತೆ ತಾತ. ಮೇಷ್ಟ್ರು ಹೇಳ್ದಾಗ ಇರುತ್ತೆ, ಆಮೇಲೆ ನೋಡಿದ್ರೆ ಇರಲ್ಲ."

ತಾತ ಇನ್ನೊಂದು ಹಿಡಿ ಸೊಪ್ಪು ನನ್ನ ಮುಂದಿಟ್ಟರು. "ಇನ್ನೊಂದು ಹಾಕು," ಎಂದರು. "ಇವತ್ತು ಅದೊಂದೇ ಸಾಕು."

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ಮೊದಲು ಎದ್ದವು ಹಸಿದು ತಲೆ ಎತ್ತಿದರೂ, ಹಿಂದೆ ಬಿದ್ದವು ಏಳುವ ತನಕ ಕಾಯಬೇಕು. ಎದ್ದವಕ್ಕೆ ಮಾತ್ರ ಹಾಕುತ್ತಾ ಹೋದರೆ ಬೆಳೆ ಕೆಡುತ್ತದೆ. ಇಷ್ಟು ಸಾಮಾನ್ಯ ಜ್ಞಾನ ನಮ್ಮ ಶಾಲೆಯಲ್ಲಿ ಇರಲಿಲ್ಲ ನೋಡಿ.

ಹೀಗೆ ದಿನಕ್ಕೊಂದು ಅಕ್ಷರ ನಡೆಯಿತು. ನಾನು ಒಂದನೇ ಕ್ಲಾಸಿನ ಚಿತ್ರದ ಪುಸ್ತಕ ನೋಡಿ ಎಲೆಯಲ್ಲಿ ಜೋಡಿಸುವುದು, ಕೈಯಾಡಿಸುವುದು, ಹೆಸರು ಹೇಳುವುದು. ತಪ್ಪಾದರೆ ಹುಳ ತಿಂದು ಮುಗಿಸುತ್ತಿದ್ದವು, ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಮೇಷ್ಟರ ಕೆಂಪು ಶಾಯಿಗಿಂತ ಇದು ಎಷ್ಟೋ ವಾಸಿ. ಒಂದೇ ಒಂದು ಅನಾಹುತವಾಯಿತು. ಪಕ್ಕದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದ ಮುನಿಯಪ್ಪ ತಾತ ನನಗಿಂತ ಬೇಗ ಕಲಿತುಬಿಟ್ಟರು. ಇದಕ್ಕಾಗಿ ಅವರನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ. ಹೊಸದಾಗಿ ಕಲಿತಿದ್ದೀನಿ, ನಾನೇ ಓದ್ತೀನಿ ಎಂದು ನನ್ನ ಕೈಯಿಂದ ಪೇಪರು ಇಸಕೊಂಡು, ಮುಂದಿನ ಸುಗ್ಗಿಯ ಹೊತ್ತಿಗೆ ಡೈರಿಯಲ್ಲಿ ಓದುವವರು ಅವರೇ ಆದರು, ಅಕ್ಷರಕ್ಕೊಮ್ಮೆ ಕೆಮ್ಮುತ್ತಾ, ಇದ್ದದ್ದನ್ನು ಇದ್ದ ಹಾಗೆ. ಜನ ಬೇಸತ್ತರು. "ನಿನ್ ಪೇಪರಲ್ಲಿ ಬರೀ ಕೆಟ್ಟ ಸುದ್ದಿ ಕಣಯ್ಯ, ಆ ಹುಡುಗಿ ಪೇಪರೇ ಚೆನ್ನಾಗಿತ್ತು" ಅಂದರು. ತಾತ ನನ್ನ ಕಡೆ ನೋಡಿ ಮೀಸೆಯಡಿಯಲ್ಲಿ ನಕ್ಕರೇ ಹೊರತು ಬಾಯಿ ಬಿಡಲಿಲ್ಲ. "ಹೇಳೋದಿದ್ರೆ ನೀನೇ ಹೇಳ್ಬೇಕಮ್ಮಣ್ಣಿ, ನಾನು ಹೇಳಿದ್ರೆ ಚಾಡಿ ಆಗುತ್ತೆ" ಎಂದಿದ್ದರು. ಅವರು ತೀರಿಕೊಂಡೇ ಹತ್ತು ವರ್ಷವಾಯಿತು. ನಾನು ಹೇಳಿರಲಿಲ್ಲ.

ಆ ಭಾನುವಾರ ಒಲೆ ಆರಿಸಿ, ಚಿನ್ನಿಯನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಎಂಟು ವರ್ಷದ ಮಗುವಿನ ಮುಂದೆ ಹೇಳುವಾಗಲೂ ಮುಖ ನೋಡಲಾರದೆ ಬೆರಳಿನ ಹಿಟ್ಟು ಕೆರೆಯುತ್ತಿದ್ದೆ. ಎಲ್ಲ ಕೇಳಿ ಅವಳು, "ಸುಳ್ಳು, ನೀನು ಓದ್ತೀಯ, ನಾನು ನೋಡಿದ್ದೀನಿ" ಎಂದಳು. ಅವಳು ನೋಡಿದ್ದು ನಾನು ತುಟಿ ಮುಚ್ಚಿ ಓದುವುದನ್ನು. ಅವಳ ಶಾಲೆಯ ಕನ್ನಡ ಪುಸ್ತಕ ತೆಗೆದು, ನನ್ನ ನಿಜವಾದ ವೇಗದಲ್ಲಿ, ಜೋರಾಗಿ ಓದಿದೆ. ಎರಡನೇ ಸಾಲಿಗೇ ಎಡವಿದೆ. ಹಿಂದೆ ಹೋದೆ, ಮತ್ತೆ ಎಡವಿದೆ.

"ಅಮ್ಮ, ನೀನು ನಿಜವಾಗ್ಲೂ ದಡ್ಡಿ ಕಣೇ," ಎಂದಳು ಚಿನ್ನಿ. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

ಪುಸ್ತಕ ಕಿತ್ತುಕೊಂಡು, ತೊಡೆ ಮೇಲಿಟ್ಟುಕೊಂಡು, ಬೆರಳಿಟ್ಟಳು. ಈ ಸಲ ಕಣ್ಣು ಪುಸ್ತಕದ ಮೇಲೇ ಇತ್ತು. ಎರಡು ಸಾಲು ಓದುವಷ್ಟರಲ್ಲಿ ಹಣೆಯ ಮೇಲೆ ಬೆವರು ಬಂತು. ನಾಲ್ಕು ಕಡೆ ತಪ್ಪಿದಳು. ಸುಳ್ಳು ಒಂದೂ ಹೇಳಲಿಲ್ಲ.